ಒಂಬತ್ತೂವರೆ ಬೆರಳು

ಹತ್ತೊಂಬತ್ತು ವರ್ಷ ಒಂದ ಗೋಣಿತಾಟಿನ ಮ್ಯಾಲೆ ಕುಂತೆ.
ಗದಗಿನ ಮುಳಗುಂದ ನಾಕಾದ ಹತ್ತರ, ಪ್ರೆಸ್ಸಿನ ಹಿಂದಿನ ಖೋಲಿ,
ಗ್ವಾಡಿಗೆ ಬೆನ್ನು. ಬೆನ್ನಿನ ಆಕಾರಕ್ಕ ಸುಣ್ಣ ಸವದು
ಅಲ್ಲೊಂದು ಕರೇ ನೆರಳು ಕುಂತಿತ್ತು, ನಾ ಎದ್ದ ಮ್ಯಾಲೂ.

ಹಾಳಿ ಮಡಚೂದು. ಅರ್ಧ, ಮತ್ತರ್ಧ, ಮತ್ತೊಮ್ಮೆ ಅರ್ಧ:
ಹದಿನಾರು ಪುಟದ ಒಂದು ಫಾರ್ಮು.
ಎಸ್ಸೆಸ್ಸೆಲ್ಸಿ ಗೈಡು, ಪಂಚಾಂಗ, ಸೊಸಾಯಿಟಿ ಪಾಸ್‌ಬುಕ್ಕು,
ಯಾರದೋ ಕವನ ಸಂಕಲನ, ಐನೂರು ಪ್ರತಿ.
ಒಳಗ ಏನೈತಿ ಅಂತ ಬೆರಳು ಕೇಳತಿರಲಿಲ್ಲ.
ನಡುವ ನಿದ್ದಿ ಬಂದರೂ ಅವು ಮಡಚತಿದ್ದವು.
ಮೈದಾ ಅಂಟಿಗೆ ಮೈಲುತುತ್ತ ಎಷ್ಟು ಹಾಕಬೇಕು,
ಮಳಿಗಾಲದಾಗ ದಾರ ಎಷ್ಟು ಬಿಗೀಬೇಕು,
ಎಲ್ಲಾ ಬರತಿತ್ತು. ಬರೂದು ಅಷ್ಟ.

ದಾವಲಮಾಮಾನ ಕಣ್ಣಿಗೆ ಪೊರಿ ಬಂದ ವರ್ಷ
ಮಾಲಕರು ಕೇಳಿದರು: ಕಟಿಂಗ್ ಮಷೀನಿಗೆ ಇನ್ನ ಯಾರು?
ಅವ ಹಾಳಿಗಟ್ಟಿಯಿಂದ ತಲಿ ಎತ್ತಲಿಲ್ಲ. "ನೀಲಗಂಗಾ," ಅಂದ.
ಒಂದು ಗಳಿಗಿ ನಾನೂ ತಿರುಗಿ ನೋಡಿದೆ,
ನೀಲಗಂಗಾ ಯಾರಿದ್ದಾರು ಅಂತ.

"ಹೆಣಮಗಳು," ಅಂದರು ಮಾಲಕರು.
"ಹೌದು," ಅಂದ ಮಾಮಾ,
"ಪೊರಿ ಇದ್ರೂ ಅಷ್ಟು ಕಾಣತೈತಿ ನನಗ."

ಮ್ಯಾಲೆ ಚಕ್ರ, ಕೆಳಗ ಮೂರಡಿ ಬ್ಲೇಡು.
ಐನೂರು ಹಾಳಿ ಅದಕ್ಕ ಬೆಣ್ಣಿ.
ಮಾಮಾನ ಬಲಗೈ ನಡುಬೆರಳು
ಮಡಚಿಟ್ಟ ಹಾಳಿಯಂಗ ಅರ್ಧಕ್ಕ ಮುಗದಿತ್ತು.

ಆ ರಾತ್ರಿ ಬೆಟಗೇರಿಯ ಮನ್ಯಾಗ ರೊಟ್ಟಿ ಬಡಿಯೂ ಮುಂದ
ಹತ್ತೂ ಬೆರಳು ಹಿಟ್ಟಿನ್ಯಾಗ ಒತ್ತಿ ನೋಡಿದೆ.
ಮುಂಜಾನೆ ಹೋಗಿ ಒಲ್ಲೆ ಅಂದೆ. ಅಂಜಿಕಿ ಆಗತೈತಿ ಮಾಮಾ.

"ಭೇಷ್ ಆತು," ಅಂದ.
"ಈ ಬೆರಳು ಹೋಗಿದ್ದು ಮೊದಲನೇ ದಿನ ಅಲ್ಲ ತಂಗಿ,
ಹನ್ನೊಂದನೇ ವರ್ಷಕ್ಕ. ಕೈಗೆ ಎಲ್ಲಾ ಗೊತ್ತಾಗಿತ್ತು.
ಹಾಡು ಗುನಗತಿದ್ದೆ. ಕ್ಯಾಲೆಂಡರಿನ ಹಾಳಿ, ಆಗಸ್ಟ್ ತಿಂಗಳದ್ದು.
ಇಪ್ಪತ್ತಮೂರನೇ ತಾರೀಖು ಆಮ್ಯಾಲೆ ಕಾಣಲಿಲ್ಲ."

ಎದ್ದೆ. ಮೊಣಕಾಲು ಹಳೇ ಬಾಗಲದಂಗ ಸಪ್ಪಳ ಮಾಡಿದವು.

ಮೊದಲ ಪೆಟ್ಟಿಗೆ ಲಗ್ನಪತ್ರಿಕಿ, ಶಿರಹಟ್ಟಿ ಕಡೆಯವರದು.
ಗೇಜು ಬಿಗಿ ಮಾಡೂದು ಮರತೆ.
ನಾನೂರು ಪತ್ರಿಕಿ ಓರೆ. ಕಡೀ ಅಕ್ಷರ ಹಾರಿ
ಚೆನ್ನವೀರಗೌಡರು ಬರೇ ಚೆನ್ನವೀರಗೌಡ ಆಗಿಬಿಟ್ಟರು.
ಗೌಡರು ಬಂದು ಬೈದರು, ತಮ್ಮ 'ರು' ಎಲ್ಲಿ ಅಂತ.
ಮಾಲಕರು ಎರಡು ವಾರದ ಪಗಾರ ಹಿಡದರು.
ಪಾರವ್ವ ಗೋಣಿತಾಟಿನ ಮ್ಯಾಲಿಂದ ಸೆರಗು ಬಾಯಿಗಿಟ್ಟು ನಕ್ಕಳು;
ನನ್ನ ಜಾಗಾದಾಗ ಅಂಟಿನ ಡಬ್ಬಿ ಇಟ್ಟಳು.
ಒಂದು ತಿಂಗಳು ನನ್ನ ಕಡೆ ಚಾ ದಾಟಸಲಿಲ್ಲ.

ಓರೆ ಪತ್ರಿಕಿ ಮನಿಗೆ ಒಯ್ದೆ. ಹಿಂದಿನ ಖಾಲಿ ಮಗ್ಗಲಿನ್ಯಾಗ
ಅಳತಿ ಬರಕೊಂಡೆ: ಕ್ರೌನು, ಡೆಮಿ, ರಾಯಲ್,
ಅಂಗಲಕ್ಕ ಎಂಟು ಸೂತು.
ನಾಲ್ಕನೇತ್ತೆ ಬಿಟ್ಟಾಕಿ ಭಾಗಾಕಾರ ಮತ್ತ ಕಲತೆ
ಮಗಳ ಕಡೆಯಿಂದ, ಆಕಿ ಬೈಗಳಾ ಸಮೇತ.

ಈಗ ನಿಂತ ಕೆಲಸ. ಹಿಮ್ಮಡ ಉರೀತಾವ.
ಆದರ ನಿಂತರ ಕಿಟಕಿ ಕಾಣತೈತಿ.
ಅಷ್ಟು ವರ್ಷ ಅದರಿಂದ ಬರೇ ಬೆಳಕು ಬರತಿತ್ತು;
ಈಗ ಹುಣಸಿಗಿಡ, ಗ್ಯಾರೇಜಿನ ಟೈರು,
ಚುರುಮುರಿ ಭಟ್ಟಿಯ ಹೊಗಿ,
ಯಾರದೋ ಒಣಹಾಕಿದ ಹಳದಿ ದುಪಟ್ಟಾ.

ಮೊನ್ನೆ ದಾವಲಮಾಮಾ ಬಂದಿದ್ದ, ಕರೇ ಕನ್ನಡಕ ಹಾಕ್ಕೊಂಡು.
ಹೊಸಾ ಪುಸ್ತಕದ ಅಂಚಿನ ಮ್ಯಾಲೆ ಅರ್ಧ ಬೆರಳು ಆಡಿಸಿದ.
ಏನೂ ಅನ್ನಲಿಲ್ಲ. ಮತ್ತೊಮ್ಮೆ ಆಡಿಸಿದ.
"ಹಾಡತಿಯೇನು, ಕೆಲಸ ಮಾಡೂ ಮುಂದ?"
"ಇಲ್ಲ."
"ಹೂಂ," ಅಂದ.

ಸಂಜಿಮುಂದ ಸ್ವಿಚ್ ಆರಿಸಿ ಕೈ ತೊಳಕೊಳ್ಳೂವಾಗ
ನಳದ ಕೆಳಗ ಎಣಸತೇನಿ, ದಿನಾ, ರೊಕ್ಕದಂಗ.
ಹತ್ತು.

ನಿನ್ನೆ ಎಣಸೂವಾಗ ಪಾರವ್ವನ ಮಗಳು
ಬಾಗಲದಾಗ ನಿಂತು ಕೇಳಿದಳು, ಅವ್ವಗ ಕೇಳಸದಂಗ:
"ಅಕ್ಕಾ, ಆ ಚಕ್ರ
ಯಾವ ಕಡೆ ತಿರುವತಾರ?"